ಆಕಾಶಮಾರ್ಗದ ವಿದ್ಯುತ್ತು

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ, ಭೀಮಾನದಿಯ ದಂಡೆಯ ಮೇಲೆ, ಅಗರಖೇಡವೆಂಬ ಗ್ರಾಮವಿರುವುದು. ಇಂಥ ಗ್ರಾಮಗಳಿಗೆಲ್ಲ ದೂರದಿಂದ ನಿತ್ಯವೂ ಎರಡು ವಸ್ತುಗಳು ಬರುತ್ತವೆ: ಒಂದು ಮಾತು, ಇನ್ನೊಂದು ವಿದ್ಯುತ್ತು. ಮಾತು ಬಾನುಲಿಯಿಂದಾಗಲಿ ಅಂಗೈಯೊಳಗಿನ ಮೊಬೈಲಿನಿಂದಾಗಲಿ ತಂತಿಯ ಹಂಗಿಲ್ಲದೆ ಆಕಾಶಮಾರ್ಗವಾಗಿ ಬಂದಿಳಿಯುವುದು. ವಿದ್ಯುತ್ತು ಹಾಗಲ್ಲ. ಅದು ಕಂಬದಿಂದ ಕಂಬಕ್ಕೆ ದಾಟುತ್ತ, ಎರೆಯ ಹೊಲಗಳ ಮೇಲೆ ಹಾಯುತ್ತ, ಊರ ಹೊರಗಿನ ಟಿ.ಸಿ.ಯಲ್ಲಿ ಕ್ಷಣಕಾಲ ತಂಗಿ, ಅಲ್ಲಿಂದ ಮನೆಗೂ ಪಂಪಸೆಟ್ಟಿಗೂ ಬರಬೇಕು. ಮಳೆಗಾಲದಲ್ಲಿ ಎರೆನೆಲ ಹಿಗ್ಗಿ ಕಂಬ ವಾಲಿದರೆ, ಗಾಳಿಗೆ ತಂತಿ ಹರಿದರೆ, ಬೆಳೆ ಒಣಗುವುದು. ಹರಿದ ತಂತಿಯನ್ನು ಅರಿಯದೆ ತುಳಿದವನ ಪ್ರಾಣಕ್ಕೂ ಎರವಾಗುವುದು. ಹೀಗಿರಲು, ಮಾತನ್ನು ಹೊತ್ತು ತರುವ ಆಕಾಶವು ವಿದ್ಯುತ್ತನ್ನೇಕೆ ಹೊತ್ತು ತರಬಾರದು ಎಂಬ ಪ್ರಶ್ನೆಯು ಯಾರಿಗಾದರೂ ಸಹಜವಾಗಿಯೇ ಹೊಳೆಯತಕ್ಕದ್ದು. ಈ ಪ್ರಶ್ನೆ ಹೊಸದಲ್ಲ. ಅದಕ್ಕೆ ನೂರು ವರ್ಷಗಳಿಗೂ ಮೀರಿದ ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ಕನ್ನಡನಾಡಿಗೂ ಒಂದು ಮಹತ್ವದ ಸ್ಥಾನವುಂಟು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ತಂತಿಯ ಸ್ಪರ್ಶವಿಲ್ಲದೆ ವಿದ್ಯುಚ್ಛಕ್ತಿಯು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲಾರದೆಂಬ ಭಾವನೆಯೇ ತಪ್ಪು. ಕ್ರಿ. ಶ. ೧೮೩೧ರಲ್ಲಿ ಮೈಕೇಲ್ ಫ್ಯಾರಡೆಯು ಕಬ್ಬಿಣದ ಬಳೆಯೊಂದಕ್ಕೆ ಎರಡು ಬೇರೆ ಬೇರೆ ತಂತಿಗಳನ್ನು ಸುತ್ತಿ, ಒಂದು ಸುತ್ತಿನಲ್ಲಿ ಪ್ರವಾಹವನ್ನು ಹರಿಯಿಸಿದಾಗಲೂ ನಿಲ್ಲಿಸಿದಾಗಲೂ ಇನ್ನೊಂದರಲ್ಲಿ ಕ್ಷಣಿಕವಾದ ಪ್ರವಾಹವೇಳುವುದನ್ನು ಕಂಡನು. ಎರಡು ಸುತ್ತುಗಳಿಗೂ ಪರಸ್ಪರ ಸ್ಪರ್ಶವಿರಲಿಲ್ಲ. ನಡುವೆ ಇದ್ದದ್ದು ಕಾಂತಬಲವೊಂದೇ. ಹಳ್ಳಿಹಳ್ಳಿಗಳಲ್ಲಿ ಕಂಬದ ಮೇಲೆ ಕುಳಿತಿರುವ ಟಿ.ಸಿ.ಯು ಫ್ಯಾರಡೆಯ ಆ ಬಳೆಯ ಸಂತಾನವೇ ಸರಿ. ಹೊರಗಿನಿಂದ ಬಂದ ಹನ್ನೊಂದು ಸಾವಿರ ವೋಲ್ಟಿನ ತಂತಿಯೂ, ಮನೆಗಳಿಗೆ ಹೋಗುವ ತಂತಿಯೂ ಅದರೊಳಗೆ ಒಂದನ್ನೊಂದು ಮುಟ್ಟುವುದಿಲ್ಲ. ಊರಿನ ವಿದ್ಯುತ್ತೆಲ್ಲವೂ ಆ ಒಂದು ಗೇಣಿನ ಅಂತರವನ್ನು ತಂತಿಯಿಲ್ಲದೆಯೇ ದಾಟುವುದು. ಆದುದರಿಂದ ವಿದ್ಯುತ್ತು ತಂತಿಯನ್ನು ಬಿಟ್ಟು ಹೋಗಬಲ್ಲುದೇ ಎಂಬುದು ಪ್ರಶ್ನೆಯಲ್ಲ. ಎಷ್ಟು ದೂರ, ಎಷ್ಟು ಪ್ರಮಾಣದಲ್ಲಿ, ಎಷ್ಟು ನಷ್ಟದೊಡನೆ ಹೋಗಬಲ್ಲುದು ಎಂಬುದೇ ಪ್ರಶ್ನೆ.

ಗೇಣಿನ ಅಂತರವನ್ನು ಗಾವುದಕ್ಕೆ ಹಿಗ್ಗಿಸುವ ಆಸೆಯನ್ನು ಹುಟ್ಟಿಸಿದವರು ಮ್ಯಾಕ್ಸ್‌ವೆಲ್ ಮತ್ತು ಹರ್ಟ್ಸ್ ಎಂಬಿಬ್ಬರು. ವಿದ್ಯುತ್ತೂ ಕಾಂತತ್ವವೂ ಕೂಡಿ ಅಲೆಗಳಾಗಿ ಬೆಳಕಿನ ವೇಗದಿಂದ ಸಂಚರಿಸಬೇಕೆಂದು ಮ್ಯಾಕ್ಸ್‌ವೆಲ್ಲನು ೧೮೬೫ರಲ್ಲಿ ಗಣಿತದಿಂದ ಪ್ರತಿಪಾದಿಸಿದನು. ಇಪ್ಪತ್ತೆರಡು ಇಪ್ಪತ್ತಮೂರು ವರ್ಷಗಳ ತರುವಾಯ ಜರ್ಮನಿಯ ಹೈನ್‌ರಿಕ್ ಹರ್ಟ್ಸನು ಕೋಣೆಯ ಒಂದು ತುದಿಯಲ್ಲಿ ಕಿಡಿ ಹಾರಿಸಿ, ಇನ್ನೊಂದು ತುದಿಯಲ್ಲಿಟ್ಟ ತಂತಿಯ ಬಳೆಯ ಸಂದಿನಲ್ಲಿ ಸಣ್ಣ ಕಿಡಿಯೊಂದು ತಾನಾಗಿ ಹಾರುವುದನ್ನು ತೋರಿಸಿಕೊಟ್ಟನು. ಆ ಎರಡನೆಯ ಕಿಡಿಯೇ ಆಕಾಶಮಾರ್ಗವಾಗಿ ಬಂದ ವಿದ್ಯುತ್ತಿನ ಮೊದಲ ಪ್ರಸಿದ್ಧ ಸಾಕ್ಷಿಯೆನ್ನಬಹುದು.

ಈ ವಾರ್ತೆಯು ಭರತಖಂಡಕ್ಕೆ ಮುಟ್ಟಿದಾಗ ಅದನ್ನು ಕೈಗೆತ್ತಿಕೊಂಡವರು ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಜಗದೀಶಚಂದ್ರ ಬೋಸರು. ಹರ್ಟ್ಸನ ಅಲೆಗಳು ಮಾರುದ್ದವಾಗಿದ್ದವು. ಬೋಸರು ಅವುಗಳನ್ನು ಬೆರಳಿನಗಲಕ್ಕೂ ಅದಕ್ಕಿಂತ ಕಿರಿದಾಗಿಯೂ ಇಳಿಸಿ, ಬೆಳಕಿನ ಕಿರಣದಂತೆ ಒಂದೇ ದಿಕ್ಕಿಗೆ ಕಳುಹಿಸುವ ಉಪಕರಣಗಳನ್ನು ನಿರ್ಮಿಸಿದರು. ೧೮೯೫ರಲ್ಲಿ ಕಲಕತ್ತೆಯ ಟೌನ್ ಹಾಲಿನಲ್ಲಿ, ಬಂಗಾಲದ ಲೆಫ್ಟಿನೆಂಟ್ ಗವರ್ನರರ ಸಮ್ಮುಖದಲ್ಲಿ, ಅವರು ಕಳುಹಿದ ಅಲೆಗಳು ಗೋಡೆಗಳನ್ನು ಭೇದಿಸಿ ಹೋಗಿ ದೂರದ ಗಂಟೆಯನ್ನು ಬಾರಿಸಿದವು, ಮದ್ದನ್ನು ಸಿಡಿಸಿದವು. ನೆರೆದವರಿಗೆ ಅದು ಇಂದ್ರಜಾಲವೆಂದೇ ತೋರಿರಬೇಕು.

ಆದರೆ ಇಲ್ಲಿಯೇ ಒಂದು ಸೂಕ್ಷ್ಮವುಂಟು. ಇದನ್ನು ಗ್ರಹಿಸದಿದ್ದರೆ ಮುಂದಿನ ಚರಿತ್ರೆಯೆಲ್ಲ ಗೊಂದಲವಾಗಿ ತೋರುವುದು. ಟೌನ್ ಹಾಲಿನ ಗಂಟೆಯನ್ನು ಬಾರಿಸಿದ ಶಕ್ತಿಯು ಅಲೆಯದಲ್ಲ. ಗಂಟೆಯ ಬಳಿಯಲ್ಲಿಯೇ ವಿದ್ಯುತ್ಕೋಶವಿರುತ್ತಿತ್ತು. ದೂರದಿಂದ ಬಂದ ಅತ್ಯಲ್ಪವಾದ ಅಲೆಯು ಅಲ್ಲಿನ ಬಾಗಿಲನ್ನು ತೆರೆಯಿತಷ್ಟೆ, ದುಡಿದದ್ದು ಸ್ಥಳದ ಕೋಶ. ಕಾಲುವೆಯ ತೂಬನ್ನೆತ್ತಲು ಒಬ್ಬ ಹುಡುಗನು ಸಾಕು. ಹೊಲವನ್ನು ತೋಯಿಸುವುದು ಮಾತ್ರ ಕಾಲುವೆಯ ನೀರು, ಹುಡುಗನ ಬೆವರಲ್ಲ. ಸಂಕೇತವನ್ನು ಕಳುಹುವುದು ಬೇರೆ, ಶಕ್ತಿಯನ್ನು ಕಳುಹುವುದು ಬೇರೆ. ತಂತಿಯಿಲ್ಲದ ವಿದ್ಯುತ್ತಿನ ಚರಿತ್ರೆಯು ಈ ಎರಡನ್ನು ಒಂದೆಂದು ಭ್ರಮಿಸಿ, ಬಳಿಕ ಬೇರ್ಪಡಿಸಿಕೊಂಡ ಚರಿತ್ರೆಯೇ ಆಗಿದೆ.

ಈ ಭೇದವನ್ನು ಒಪ್ಪದೆ, ಆಕಾಶವೂ ಭೂಮಿಯೂ ಕೂಡಿ ಮಾತನ್ನು ಮಾತ್ರವಲ್ಲ, ಕಾರಖಾನೆಗಳನ್ನು ನಡೆಯಿಸುವ ಶಕ್ತಿಯನ್ನೂ ಹೊರಬಲ್ಲವೆಂದು ಸಾರಿದ ಪುರುಷನೇ ನಿಕೋಲಾ ಟೆಸ್ಲಾ. ಇವನು ೧೮೫೬ರಲ್ಲಿ ಇಂದಿನ ಕ್ರೊಯೇಶಿಯ ದೇಶಕ್ಕೆ ಸೇರಿದ ಸ್ಮಿಲಿಯಾನ್ ಎಂಬ ಹಳ್ಳಿಯಲ್ಲಿ ಸರ್ಬಿಯನ್ ಮನೆತನವೊಂದರಲ್ಲಿ ಹುಟ್ಟಿ, ೧೮೮೪ರಲ್ಲಿ ಅಮೇರಿಕೆಗೆ ಹೋದನು. ಇಂದು ಜಗತ್ತೆಲ್ಲವೂ ಬಳಸುವ ಪರ್ಯಾಯ ಪ್ರವಾಹದ ಮೋಟಾರಿನ ಹಕ್ಕುಪತ್ರಗಳನ್ನು ೧೮೮೮ರಲ್ಲಿ ಪಡೆದವನು ಅವನೇ. ೧೮೯೧ರಲ್ಲಿ, ತನ್ನ ಎರಡು ಕೈಗಳಲ್ಲಿ ಗಾಜಿನ ನಳಿಗೆಗಳನ್ನು ಹಿಡಿದು ನಿಂತು, ಯಾವ ತಂತಿಯನ್ನೂ ಜೋಡಿಸದೆ ಅವು ಬೆಳಗುವಂತೆ ಸಭಿಕರಿಗೆ ತೋರಿಸಿದನು. ೧೮೯೯ರಲ್ಲಿ ಕೊಲೊರಾಡೋ ಸ್ಪ್ರಿಂಗ್ಸ್ ಎಂಬ ಎತ್ತರದ ಊರಿನಲ್ಲಿ ಪ್ರಯೋಗಶಾಲೆಯನ್ನು ಕಟ್ಟಿ ಹಲವು ತಿಂಗಳು ಕೃತಕ ಸಿಡಿಲುಗಳನ್ನು ಸೃಷ್ಟಿಸಿದನು. ಭೂಮಂಡಲವೇ ಒಂದು ದೊಡ್ಡ ಗಂಟೆಯಂತೆ. ತಕ್ಕ ಲಯದಲ್ಲಿ ತಟ್ಟಿದರೆ ಅದು ವಿದ್ಯುತ್ತಿನಿಂದ ಮಿಡಿಯತೊಡಗುವುದು. ಆಗ ಎಲ್ಲಿ ಬೇಕಾದರೂ ನೆಲದಲ್ಲಿ ಒಂದು ಸಲಾಕೆಯನ್ನು ನೆಟ್ಟು ಶಕ್ತಿಯನ್ನು ಸೇದಿಕೊಳ್ಳಬಹುದು ಎಂಬುದು ಅವನ ದೃಢವಾದ ನಂಬಿಕೆಯಾಗಿತ್ತು.

ಈ ನಂಬಿಕೆಗೆ ಜೆ. ಪಿ. ಮಾರ್ಗನ್ ಎಂಬ ಧನಿಕನು ೧೯೦೧ರಲ್ಲಿ ಒಂದೂವರೆ ಲಕ್ಷ ಡಾಲರುಗಳ ನೆರವನ್ನಿತ್ತನು. ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಲ್ಲಿ ವಾರ್ಡನ್‌ಕ್ಲಿಫ್ ಎಂಬಲ್ಲಿ ಅಣಬೆಯಾಕಾರದ ತಲೆಯುಳ್ಳ, ೧೮೭ ಅಡಿ ಎತ್ತರದ ಗೋಪುರವು ಏಳತೊಡಗಿತು. ಆದರೆ ಅದೇ ೧೯೦೧ರ ದಶಂಬರ ೧೨ರಂದು ಮಾರ್ಕೋನಿಯು ಇಂಗ್ಲಂಡಿನಿಂದ ಹೊರಟ ಒಂದೇ ಒಂದು ಅಕ್ಷರದ ಸಂಕೇತವನ್ನು ಅಟ್ಲಾಂಟಿಕ್ ಸಾಗರದಾಚೆಗೆ ನ್ಯೂಫೌಂಡ್‌ಲಂಡಿನಲ್ಲಿ ಗ್ರಹಿಸಿದೆನೆಂದು ಸಾರಿದನು. ಸಂಕೇತವೊಂದೇ ಸಾಕೆಂಬವರಿಗೆ ಮಾರ್ಕೋನಿಯ ಅಗ್ಗದ ಉಪಕರಣವೇ ಸಾಕಾಯಿತು. ಮಾರ್ಗನ್ನನು ಮತ್ತೆ ಹಣ ಕೊಡಲಿಲ್ಲ. ಗೋಪುರದ ಕೆಲಸವು ನಿಂತಿತು. ೧೯೧೭ರಲ್ಲಿ ಅದನ್ನು ಕೆಡವಿ ಹಾಕಲಾಯಿತು. ಟೆಸ್ಲಾನು ೧೯೪೩ರಲ್ಲಿ ನ್ಯೂಯಾರ್ಕಿನ ಹೊಟೇಲಿನ ಕೋಣೆಯೊಂದರಲ್ಲಿ ಏಕಾಕಿಯಾಗಿ ತೀರಿಕೊಂಡನು.

ಟೆಸ್ಲಾನ ಗೋಪುರವು ಏಳುತ್ತಿದ್ದ ಅದೇ ವರ್ಷಗಳಲ್ಲಿ, ಭೂಗೋಲದ ಈ ಮಗ್ಗುಲಲ್ಲಿ, ಮೈಸೂರು ಸಂಸ್ಥಾನವು ಇದೇ ಪ್ರಶ್ನೆಗೆ ಬೇರೊಂದು ಉತ್ತರವನ್ನು ಬರೆಯುತ್ತಿತ್ತು. ಕಾವೇರಿಯು ಶಿವನಸಮುದ್ರದಲ್ಲಿ ಧುಮುಕುತ್ತಿತ್ತು. ಶಕ್ತಿ ಬೇಕಾಗಿದ್ದುದು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ನಡುವಿನ ಅಂತರ ೯೨ ಮೈಲು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಂಕಲ್ಪಿತವಾದ ಈ ಯೋಜನೆಯನ್ನು ಸಂಸ್ಥಾನದ ಉಪಮುಖ್ಯ ಇಂಜಿನಿಯರರಾಗಿದ್ದ ಡಿ ಲಾಟ್ಬಿನಿಯರ್ ಎಂಬವರು ರೂಪಿಸಿದರು. ಯಂತ್ರಗಳು ಅಮೇರಿಕೆಯ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ಶೇಷಾದ್ರಿ ಅಯ್ಯರರು ೧೯೦೧ರಲ್ಲಿಯೇ ಕಾಲವಾದುದರಿಂದ ಫಲವನ್ನು ಕಣ್ಣಾರೆ ಕಾಣಲಿಲ್ಲ. ೧೯೦೨ರ ಜೂನ್ ೩೦ರಂದು ಕಾವೇರಿಯ ಶಕ್ತಿಯು ತಾಮ್ರದ ತಂತಿಗಳ ಮೇಲೆ ಕೋಲಾರಕ್ಕೆ ಹೊರಟಿತು. ಅಂದಿನ ಜಗತ್ತಿನ ಅತಿ ದೀರ್ಘವಾದ ವಿದ್ಯುನ್ಮಾರ್ಗಗಳಲ್ಲಿ ಅದೊಂದು. ೧೯೦೫ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುದು ಇದೇ ಪ್ರವಾಹದಿಂದ.

ಇಲ್ಲಿ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಶಿವನಸಮುದ್ರದ ತಂತಿಗಳಲ್ಲಿ ಹರಿದದ್ದು ಪರ್ಯಾಯ ಪ್ರವಾಹವೇ. ಆ ಬಗೆಯ ಪ್ರವಾಹವನ್ನು ಲೋಕೋಪಯೋಗಿಯಾಗಿ ಮಾಡಿದವರಲ್ಲಿ ಟೆಸ್ಲಾನು ಅಗ್ರಗಣ್ಯನು. ಅಂದರೆ ಟೆಸ್ಲಾನ ತಾರುಣ್ಯದ ಶೋಧವು ಮೈಸೂರಿನಲ್ಲಿ ತಂತಿಯ ಮೇಲೆ ಗೆದ್ದ ವರ್ಷಗಳಲ್ಲಿಯೇ, ಅವನ ಪ್ರೌಢವಯಸ್ಸಿನ ಕನಸು ಲಾಂಗ್ ಐಲೆಂಡಿನಲ್ಲಿ ತಂತಿಯಿಲ್ಲದೆ ಸೋಲುತ್ತಿತ್ತು.

ಆ ಸೋಲಿಗೆ ಕಾರಣವೇನು? ಆಕಾಶದಿಂದ ಸೇದಿಕೊಳ್ಳುವ ಶಕ್ತಿಗೆ ಮೀಟರು ಹಚ್ಚಿ ಹಣ ವಸೂಲು ಮಾಡಲಾಗದೆಂದು ಧನಿಕರು ಕೈಬಿಟ್ಟರೆಂಬ ಮಾತು ಬಹಳ ಪ್ರಚಾರದಲ್ಲಿದೆ. ಕೇಳಲು ಸೊಗಸಾದರೂ, ಮುಖ್ಯವಾದ ಕಾರಣವು ಧನಿಕರ ಲೋಭವಲ್ಲ, ಪ್ರಕೃತಿಯ ನಿಯಮವೇ. ಎಲ್ಲ ದಿಕ್ಕಿಗೂ ಹರಡುವ ಅಲೆಯು ದೂರ ಇಮ್ಮಡಿಯಾದರೆ ನಾಲ್ಕರಲ್ಲೊಂದು ಪಾಲಾಗುವುದು. ದೂರ ಮುಮ್ಮಡಿಯಾದರೆ ಒಂಬತ್ತರಲ್ಲೊಂದು ಪಾಲು. ಕೊಳದಲ್ಲಿ ಕಲ್ಲೆಸೆದಾಗ ಅಲೆಯ ಬಳೆ ಹಿಗ್ಗಿದಂತೆಲ್ಲ ಅದರ ಎತ್ತರ ಕುಗ್ಗುವುದನ್ನು ಎಲ್ಲರೂ ಕಂಡಿರುವರಷ್ಟೆ. ತಂತಿಯಾದರೋ ಶಕ್ತಿಗೆ ದಂಡೆಗಳಿರುವ ಕಾಲುವೆ. ದಾರಿಯಲ್ಲಿ ಸ್ವಲ್ಪ ಇಂಗಿದರೂ ಉಳಿದದ್ದು ಗೊತ್ತಾದ ಹೊಲವನ್ನೇ ಸೇರುವುದು. ಭೂಮಿಯನ್ನೇ ಮಿಡಿಯಿಸುವೆನೆಂಬ ಟೆಸ್ಲಾನ ಎಣಿಕೆಯು ಪ್ರಯೋಗದಿಂದ ಎಂದಿಗೂ ಸಿದ್ಧವಾಗಲಿಲ್ಲ.

ಆದರೆ ಶಕ್ತಿಗೆ ಮಾರಕವಾದ ಈ ನಿಯಮವೇ ಮಾತಿಗೆ ಮಾರಕವಾಗಲಿಲ್ಲ. ಇದಕ್ಕೆ ಕನ್ನಡನಾಡಿನದೇ ಒಂದು ಉದಾಹರಣೆ ಸಾಕು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸಪ್ಟಂಬರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನಾರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದಿಂದಲೇ ನಾಡಿಗೆ ಪರಿಚಿತವಾಗಿ, ಮುಂದೆ ರಾಷ್ಟ್ರದ ಬಾನುಲಿಗೇ ಹೆಸರಾಯಿತು. ಅವರ ಮೊದಲ ಪ್ರಸಾರಯಂತ್ರದ ಬಲವೆಷ್ಟು? ಕೇವಲ ೩೦ ವಾಟುಗಳು. ಆ ೩೦ ವಾಟುಗಳು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದವೆಂದು ಎಣಿಸಿದರೆ, ಹತ್ತು ಕಿಲೋಮೀಟರು ದೂರದಲ್ಲಿ ಒಂದು ಚದರ ಮೀಟರಿಗೆ ಬೀಳುವ ಪಾಲು ಒಂದು ವಾಟಿನ ನಾಲ್ಕು ಕೋಟಿಯಲ್ಲೊಂದು ಅಂಶ ಮಾತ್ರ. ಅಷ್ಟರಿಂದ ಒಂದು ಮಿಣುಕುದೀಪವೂ ಹೊತ್ತಲಾರದು. ಆದರೆ ಹಾಡು ಕೇಳುವುದು, ಮಾತು ತಿಳಿಯುವುದು. ಏಕೆಂದರೆ ಗ್ರಾಹಕಯಂತ್ರವು ತನ್ನ ಕೋಶದ ಬಲದಿಂದ ಅದನ್ನು ಹಿಗ್ಗಿಸಿಕೊಳ್ಳುವುದು. ಶಬ್ದವು ಆಕಾಶದ ಗುಣವೆಂದು ನಮ್ಮ ತಾರ್ಕಿಕರು ಹೇಳಿದ್ದುಂಟು. ಅವರ ಅರ್ಥವು ಬೇರೆಯಾದರೂ, ಹೊಸ ವಿಜ್ಞಾನವು ಆ ಮಾತಿಗೆ ಹೊಸದೊಂದು ಹೊಂದಿಕೆಯನ್ನು ತಂದಿತೆನ್ನಬಹುದು: ಆಕಾಶಕ್ಕೆ ಮಾತು ಒಗ್ಗಿತು, ಶಕ್ತಿ ಒಗ್ಗಲಿಲ್ಲ.

ಇಲ್ಲಿಗೆ ಈ ಚರಿತ್ರೆಯು ಮುಗಿಯಬಹುದಾಗಿತ್ತು. ಆದರೆ ಎರಡನೆಯ ಮಹಾಯುದ್ಧದ ರಾಡಾರು ಯಂತ್ರಗಳಿಂದಾಗಿ, ಬೋಸರು ಬಳಸಿದ್ದಂಥ ಕಿರಿಯ ಅಲೆಗಳಿಗೆ ಮತ್ತೆ ಬೆಲೆ ಬಂದಿತು. ಇವಕ್ಕೆ ಮೈಕ್ರೋವೇವ್ ಎಂದು ಹೆಸರು. ಕಿರಿಯ ಅಲೆಯನ್ನು ಕಿರಣವಾಗಿ ಕೂಡಿಸಿ ಒಂದೇ ಕಡೆಗೆ ಕಳುಹಬಹುದು. ಅದು ಹರಡುವುದು ಕಡಿಮೆ. ಈ ವಿದ್ಯೆಯು ಕನ್ನಡನಾಡಿನಲ್ಲಿ ನೆಲೆಯೂರಿದುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ ಅದನ್ನು ಬೆಳೆಸಿದವರಲ್ಲಿ ನಂಜನಗೂಡಿನ ವಕೀಲರೊಬ್ಬರ ಮಗಳಾದ ಶ್ರೀಮತಿ ರಾಜೇಶ್ವರಿ ಚಟರ್ಜಿಯವರ ಹೆಸರು ಸ್ಮರಣೀಯವಾದುದು. ೧೯೨೨ರಲ್ಲಿ ಜನಿಸಿದ ಇವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನೋದಿ, ೧೯೪೭ರಲ್ಲಿ ಸರಕಾರದ ವಿದ್ಯಾರ್ಥಿವೇತನದಿಂದ ಅಮೇರಿಕೆಗೆ ಹೋಗಿ, ಮಿಶಿಗನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿಯನ್ನು ಪಡೆದು ೧೯೫೩ರಲ್ಲಿ ಮರಳಿ ಬಂದರು. ಪತಿಯವರಾದ ಶಿಶಿರಕುಮಾರ ಚಟರ್ಜಿಯವರೊಡನೆ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿ ಬೆಳೆಸಿ, ಆಂಟೆನಾಗಳ ಶಾಸ್ತ್ರವನ್ನು ತಲೆಮಾರುಗಳಿಗೆ ಕಲಿಸಿ, ೨೦೧೦ರಲ್ಲಿ ದಿವಂಗತರಾದರು. ಅವರ ಶಾಸ್ತ್ರವು ಮುಖ್ಯವಾಗಿ ಸಂಕೇತಕ್ಕೂ ರಾಡಾರಿಗೂ ಉಪಯುಕ್ತವಾದುದು. ಆದರೆ ಅಲೆಯನ್ನು ಕಿರಣವಾಗಿ ಕೂಡಿಸುವ ಅದೇ ಶಾಸ್ತ್ರವೇ ಶಕ್ತಿಪ್ರಸಾರದ ತಳಹದಿ.

ಆ ತಳಹದಿಯ ಮೇಲೆ ಮೊದಲು ಕಟ್ಟಿದವನು ಅಮೇರಿಕೆಯ ವಿಲಿಯಂ ಬ್ರೌನ್. ಸಣ್ಣ ಸಣ್ಣ ಆಂಟೆನಾಗಳಿಗೆ ಹರಳಿನ ತುಣುಕುಗಳನ್ನು ಜೋಡಿಸಿ, ಬಂದ ಅಲೆಯನ್ನು ಅಲ್ಲಿಯೇ ಏಕಮುಖ ಪ್ರವಾಹವನ್ನಾಗಿ ಮಾರ್ಪಡಿಸುವ ಚಪ್ಪರವನ್ನು ಅವನು ರಚಿಸಿದನು. ೧೯೬೪ರಲ್ಲಿ ಕೆಳಗಿನಿಂದ ಕಳುಹಿದ ಕಿರಣದ ಬಲದಿಂದಲೇ ಒಂದು ಪುಟ್ಟ ಹೆಲಿಕಾಪ್ಟರು ಸುಮಾರು ೬೦ ಅಡಿ ಎತ್ತರದಲ್ಲಿ ಹತ್ತು ತಾಸು ನಿಂತಿತು. ೧೯೭೫ರಲ್ಲಿ ಕಾಲಿಫೋರ್ನಿಯದ ಗೋಲ್ಡ್‌ಸ್ಟೋನ್ ಎಂಬಲ್ಲಿ ಒಂದು ಮೈಲಿನ ದೂರಕ್ಕೆ ೩೦ ಕಿಲೋವಾಟುಗಳಿಗೂ ಹೆಚ್ಚು ಶಕ್ತಿಯು ಮುಟ್ಟಿತು. ಟೆಸ್ಲಾನ ಕನಸಿನ ಒಂದು ಮೂಲೆಯಾದರೂ ಆ ದಿನ ನಿಜವಾಯಿತೆನ್ನಬೇಕು. ಅಂತರಿಕ್ಷದಲ್ಲಿ ಬಿಸಿಲನ್ನು ಹಿಡಿದು ಭೂಮಿಗೆ ಕಿರಣವಾಗಿ ಕಳುಹಬೇಕೆಂದು ಪೀಟರ್ ಗ್ಲೇಸರ್ ಎಂಬವನು ೧೯೬೮ರಲ್ಲಿಯೇ ಸೂಚಿಸಿದ್ದನು. ೨೦೨೩ರಲ್ಲಿ ಕಾಲಿಫೋರ್ನಿಯದ ವಿಜ್ಞಾನಿಗಳು ಅಂಥ ಉಪಕರಣದ ಚಿಕ್ಕ ಮಾದರಿಯಿಂದ ಅತ್ಯಲ್ಪ ಶಕ್ತಿಯನ್ನು ಕಳುಹಿಸಿ ನೆಲದ ಮೇಲೆ ಗುರುತಿಸಿದರು. ೨೦೨೫ರಲ್ಲಿ ಅಮೇರಿಕೆಯ ರಕ್ಷಣಾಖಾತೆಯ ಸಂಶೋಧನ ಸಂಸ್ಥೆಯೊಂದು ಲೇಸರ್ ಕಿರಣದಿಂದ ೮.೬ ಕಿಲೋಮೀಟರು ದೂರಕ್ಕೆ ೮೦೦ ವಾಟುಗಳಿಗೂ ಮೀರಿದ ಶಕ್ತಿಯನ್ನು ಅರ್ಧ ನಿಮಿಷ ಮುಟ್ಟಿಸಿದುದಾಗಿ ಪ್ರಕಟಿಸಿತು.

ಹಾಗಾದರೆ ಭೀಮಾತೀರದ ಗ್ರಾಮವೊಂದಕ್ಕೆ ಈ ಮಾರ್ಗದಿಂದ ವಿದ್ಯುತ್ತು ಬರಬಲ್ಲುದೇ? ಭಾವನೆಯನ್ನು ಬದಿಗಿಟ್ಟು ಲೆಕ್ಕ ಹಾಕುವುದು ಒಳ್ಳೆಯದು. ಐದು ಅಶ್ವಶಕ್ತಿಯ ಪಂಪಸೆಟ್ಟಿಗೆ ಸುಮಾರು ೩.೭ ಕಿಲೋವಾಟು ಬೇಕು. ಅಂಥ ನೂರು ಪಂಪಸೆಟ್ಟುಗಳಿಗೆ ೩೭೦ ಕಿಲೋವಾಟು. ಬ್ರೌನನು ಬಳಸಿದ, ಸುಮಾರು ೧೨ ಸೆಂಟಿಮೀಟರು ಉದ್ದದ ಅಲೆಯನ್ನು ಹತ್ತು ಕಿಲೋಮೀಟರು ದೂರಕ್ಕೆ ಹೆಚ್ಚು ಚೆಲ್ಲದೆ ಕಳುಹಬೇಕಾದರೆ, ಕಳುಹುವಲ್ಲಿ ಅರ್ಧ ಎಕರೆಯ ಆಂಟೆನಾ, ಪಡೆಯುವಲ್ಲಿ ಅರ್ಧ ಎಕರೆಯ ಚಪ್ಪರ ಬೇಕಾಗುವುದು. ಅರ್ಧ ಎಕರೆಯೆಂದರೆ ಸುಮಾರು ೨೦೦೦ ಚದರ ಮೀಟರು. ೩೭೦ ಕಿಲೋವಾಟು ಅದರ ಮೇಲೆ ಇಳಿದರೆ ಚದರ ಮೀಟರಿಗೆ ೧೮೫ ವಾಟು ಬೀಳುವುದು. ಜನಸಾಮಾನ್ಯರು ಇಂಥ ಅಲೆಗಳಿಗೆ ಒಡ್ಡಿಕೊಳ್ಳಬಹುದಾದ ಮಿತಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯು ಚದರ ಮೀಟರಿಗೆ ೧೦ ವಾಟು ಎಂದು ಗೊತ್ತುಪಡಿಸಿದೆ. ಕಿರಣದ ದಾರಿಯಲ್ಲಿ ಹಾರುವ ಕೊಕ್ಕರೆಗೂ, ಚಪ್ಪರದ ಬಳಿ ಕುರಿ ಮೇಯಿಸುವವನಿಗೂ ಇದು ಹದಿನೆಂಟು ಮಡಿ ಮೀರಿದ ಮಾತು. ಮಿತಿಯೊಳಗೇ ಇರುವೆವೆಂದರೆ ಅದೇ ಅರ್ಧ ಎಕರೆಗೆ ೨೦ ಕಿಲೋವಾಟು ಮಾತ್ರ ಇಳಿಯುವುದು. ಅದರಿಂದ ನಡೆಯುವುದು ಐದು ಪಂಪಸೆಟ್ಟು.

ಈಗ ಅದೇ ಅರ್ಧ ಎಕರೆಯನ್ನು ಬಿಸಿಲಿಗೊಡ್ಡಿ ನೋಡಬೇಕು. ನಿರಭ್ರವಾದ ಮಧ್ಯಾಹ್ನದಲ್ಲಿ ಸೂರ್ಯನು ಚದರ ಮೀಟರಿಗೆ ಸುಮಾರು ಒಂದು ಸಾವಿರ ವಾಟುಗಳನ್ನು ಸುರಿಯುವನು. ಅದರಲ್ಲಿ ಐದನೆಯ ಒಂದು ಪಾಲನ್ನು ಸೌರಫಲಕಗಳು ವಿದ್ಯುತ್ತಾಗಿ ಮಾಡಿದರೂ ೪೦೦ ಕಿಲೋವಾಟು ದೊರೆಯುವುದು. ನೂರು ಪಂಪಸೆಟ್ಟುಗಳಿಗೂ ಸಾಕು, ಮೇಲೆ ಮಿಕ್ಕುವುದು. ಕಳುಹುವ ಗೋಪುರದ ವೆಚ್ಚವಿಲ್ಲ. ಕುರಿ ಮೇಯಿಸುವವನಿಗೆ ಅಪಾಯವಿಲ್ಲ. ಬೆಳಕೂ ಮ್ಯಾಕ್ಸ್‌ವೆಲ್ಲನು ಹೇಳಿದ ಅಲೆಯೇ. ಆದುದರಿಂದ ತಂತಿಯಿಲ್ಲದೆ ಶಕ್ತಿಯನ್ನು ಕಳುಹುವ ಅತಿ ಪ್ರಾಚೀನವೂ ಅತಿ ಸಮರ್ಥವೂ ಆದ ಕೇಂದ್ರವು ಸೂರ್ಯನೇ ಆಗಿರುವನು. ಬೋಸರು ಸೀಸದ ಅದುರಾದ ಗೆಲೀನಾ ಹರಳಿನಿಂದ ಮಾಡಿ ೧೯೦೪ರಲ್ಲಿ ಅಮೇರಿಕೆಯ ಹಕ್ಕುಪತ್ರ ಪಡೆದ ಗ್ರಾಹಕವು ವಿದ್ಯುದಲೆಗೂ ಬೆಳಕಿಗೂ ಸಮನಾಗಿ ಸ್ಪಂದಿಸುತ್ತಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಬ್ರೌನನ ಚಪ್ಪರದ ಹರಳೂ, ಸೌರಫಲಕದ ಹರಳೂ, ಒಂದರ್ಥದಲ್ಲಿ ಆ ಗ್ರಾಹಕದ ವಂಶದವುಗಳೇ.

ಆದರೂ ತಂತಿಯ ಕಾಲ ಮುಗಿಯಿತೆಂದು ತಿಳಿಯಲಾಗದು. ಸೂರ್ಯನು ಇರುಳಲ್ಲಿ ಕೆಲಸ ಮಾಡುವುದಿಲ್ಲ. ಆಷಾಢದ ಮೋಡಗಳಲ್ಲಿ ಅರೆಮನಸ್ಸಿನಿಂದ ಮಾಡುವನು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು ೧೩,೦೦೦ ಎಕರೆಗಳಲ್ಲಿ ಹಬ್ಬಿದ ೨೦೫೦ ಮೆಗಾವಾಟಿನ ಸೌರಕೇಂದ್ರವೂ ತಾನು ಹಿಡಿದ ಬಿಸಿಲನ್ನು ನಾಡಿಗೆ ಕಳುಹುವುದು ತಂತಿಯಿಂದಲೇ. ವಿಜಯಪುರ ಜಿಲ್ಲೆಯಲ್ಲಿಯೇ ಆಲಮಟ್ಟಿಯ ೨೯೦ ಮೆಗಾವಾಟಿನ ಜಲಕೇಂದ್ರವೂ, ಬಸವನ ಬಾಗೇವಾಡಿಯ ಕಡೆಯ ಕೂಡಗಿಯ ೨೪೦೦ ಮೆಗಾವಾಟಿನ ಕಲ್ಲಿದ್ದಲ ಕೇಂದ್ರವೂ ಇರುವವು. ಅಲ್ಲಿಂದ ಹೊರಟ ಮಹಾಮಾರ್ಗಗಳ ಗೋಪುರಗಳು ಎಷ್ಟೋ ರೈತರ ಹೊಲಗಳಲ್ಲಿ ಕಾಲೂರಿ ನಿಂತಿವೆ. ಶಕ್ತಿಯು ಹಾಯ್ದುಹೋಗುವ ನೆಲದವನಿಗೂ ಶಕ್ತಿಯ ನ್ಯಾಯವಾದ ಪಾಲು ದೊರೆಯಬೇಕೆಂಬುದು ಯಂತ್ರಶಾಸ್ತ್ರದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ; ತಂತಿಯನ್ನು ತೆಗೆದು ಕಿರಣವನ್ನು ತಂದರೂ ಆ ಪ್ರಶ್ನೆಯು ಅಳಿಯುವುದಿಲ್ಲ, ಚಪ್ಪರದ ಅರ್ಧ ಎಕರೆ ಯಾರದೆಂಬ ರೂಪದಲ್ಲಿ ಮರಳಿ ಬರುವುದು.

ಒಟ್ಟಿನಲ್ಲಿ ಈ ಚರಿತ್ರೆಯಿಂದ ತಿಳಿದು ಬರುವುದೇನೆಂದರೆ: ಗೇಣು ಮಾರುಗಳ ಅಂತರದಲ್ಲಿ ತಂತಿಯಿಲ್ಲದ ವಿದ್ಯುತ್ತು ಗೆದ್ದಿದೆ, ಇನ್ನೂ ಗೆಲ್ಲುವುದು, ತಂತಿ ಮುಟ್ಟಲಾರದ ಆಕಾಶಯಾನ ಮೊದಲಾದೆಡೆಗಳಲ್ಲಿ ಕಿರಣಕ್ಕೆ ಅದರದೇ ಆದ ಕಾರ್ಯವುಂಟು, ಊರಿನಿಂದ ಊರಿಗೆ ಶಕ್ತಿಯನ್ನು ಸಾಗಿಸುವ ಕೆಲಸದಲ್ಲಿ ಮಾತ್ರ ೧೯೦೨ರಲ್ಲಿ ಶಿವನಸಮುದ್ರವು ಕೊಟ್ಟ ಉತ್ತರವೇ ಇಂದಿಗೂ ನಿಂತಿದೆ. ಟೆಸ್ಲಾನು ಆಕಾಶದಿಂದ ಬೇಡಿದುದನ್ನು ಆಕಾಶವು ಸೂರ್ಯನ ಮೂಲಕ ಮೊದಲಿನಿಂದಲೂ ಕೊಡುತ್ತಲೇ ಇತ್ತು. ಕೊರತೆಯಿದ್ದುದು ಕೊಡುವವನಲ್ಲಿ ಅಲ್ಲ, ಹಿಡಿಯುವ ಪಾತ್ರೆಯಲ್ಲಿ. ಆ ಪಾತ್ರೆಯು ಈಗ ರೈತನ ಕೈಗೆ ಎಟುಕುವಂತಾಗಿದೆ. ವಾಲಿದ ಕಂಬಗಳನ್ನು ನೆಟ್ಟಗೆ ನಿಲ್ಲಿಸುವುದೂ, ಬಿಸಿಲನ್ನು ಹಿಡಿಯುವ ಫಲಕಗಳನ್ನು ಹೊಲಹೊಲಗಳಿಗೆ ಮುಟ್ಟಿಸುವುದೂ ಗೋಪುರದ ಕನಸಿನಷ್ಟು ಭವ್ಯವಾದ ಕಾರ್ಯಗಳಲ್ಲ; ಆದರೆ ಭೀಮಾತೀರದ ಬೆಳೆಗೆ ನೀರು ಹರಿಯುವುದು ಅವುಗಳಿಂದಲೇ.